ಕ್ಯಾಮ್ ಉಳಿಸುವುದೋ, ಬದಲಿಸುವುದೋ

ಎಂಜಿನ್ನಿನ ವಾಲ್ವುಗಳನ್ನು ತೆರೆಯುವುದು ಕ್ಯಾಮ್ ಎಂಬ, ಉಬ್ಬುಗಳಿರುವ ಸುತ್ತುವ ಶಾಫ್ಟ್; ಆ ಉಬ್ಬೇ ಲೋಬ್. ವಾಲ್ವ್ ಒತ್ತುವ ಟ್ಯಾಪೆಟ್ ಸದ್ದು ಮಾಡುವ ಬೈಕುಗಳಲ್ಲಿ ಹೆಚ್ಚಿನವು ಕ್ಲಿಯರೆನ್ಸ್, ಅಂದರೆ ಅಲ್ಲಿನ ಸಣ್ಣ ಸಂದು, ಹೊಂದಿಸಿದ ಕೂಡಲೇ ಸುಮ್ಮನಾಗುತ್ತವೆ. ಹೊಂದಿಸಿದ ಸ್ವಲ್ಪ ದಿನಕ್ಕೇ ಅದೇ ವಾಲ್ವ್ ಮತ್ತೆ ಸಡಿಲವಾಗಿ ಬಂದರೆ ನಾನು ಎಂಜಿನ್ನಿನ ಮೇಲ್ಭಾಗವಾದ ಹೆಡ್ಡಿನ ಕವರ್ ಬಿಚ್ಚುತ್ತೇನೆ. ಅಲ್ಲಿ ಲೋಹ ಸವೆಯುತ್ತಿದೆ ಎಂಬುದಕ್ಕೆ ಅದಕ್ಕಿಂತ ಸ್ಪಷ್ಟ ಸುಳಿವು ಬೇಕಿಲ್ಲ.

ಈಚೆಗೆ ಬಿಚ್ಚಿದ ಸಿಂಗಲ್ ಸಿಲಿಂಡರ್ ಎಂಜಿನ್ನಿನಲ್ಲಿ ಎಕ್ಸಾಸ್ಟ್ ಲೋಬಿನ ತುದಿಯ ಮೇಲೆ ಸೂಜಿ ಚುಚ್ಚಿದಂತೆ ಸಣ್ಣ ಗುಳಿಗಳಿದ್ದವು. ಉಗುರು ಎಳೆದರೆ ಸಿಕ್ಕಿಕೊಳ್ಳುತ್ತಿತ್ತು. ಮೈಕ್ರೊಮೀಟರ್ ಇಟ್ಟು ನೋಡಿದರೆ ಲೋಬಿನ ಎತ್ತರ ಮ್ಯಾನ್ಯುಯಲ್ ಹೇಳುವ ಮಿತಿಯೊಳಗೇ ಇತ್ತು. ಮಾಲೀಕರು, "ಅಳತೆ ಸರಿಯಿದೆಯಲ್ಲ, ಪಾಲಿಶ್ ಮಾಡಿ ಹಾಕಿಬಿಡಿ" ಎಂದರು. ನಾನು ಒಪ್ಪಲಿಲ್ಲ. ಲೋಬಿನ ಮೈ ಗಟ್ಟಿಯಾಗಿರುವುದು ಮೇಲಿನ ತೆಳುವಾದ ಪದರದಲ್ಲಿ ಮಾತ್ರ. ಗುಳಿ ಬಿದ್ದಿದೆ ಎಂದರೆ ಆ ಪದರ ದಣಿದು ಚಕ್ಕೆ ಏಳಲು ಶುರುವಾಗಿದೆ. ಉಜ್ಜಿದರೆ ಗುಳಿಯ ಅಂಚು ಮಾಯವಾಗುತ್ತದೆ, ಕೆಳಗಿನ ಬಿರುಕು ಹಾಗೆಯೇ ಉಳಿಯುತ್ತದೆ.

ಜರ್ನಲ್, ಅಂದರೆ ಕ್ಯಾಮ್ ಹೆಡ್ಡಿನಲ್ಲಿ ಕೂತು ಸುತ್ತುವ ದುಂಡು ಭಾಗ, ಅದರ ಮೇಲಿನ ಗೆರೆಗಳ ಮಾತು ಬೇರೆ. ಉಗುರಿಗೆ ತಾಗದ ಗೆರೆಯಾದರೆ ನಯವಾದ ಎಮರಿ ಕಾಗದಕ್ಕೆ ಎಣ್ಣೆ ಹಚ್ಚಿ ಸುತ್ತಲೂ ಸಮನಾಗಿ ಉಜ್ಜಿ ಬಳಸುತ್ತೇನೆ. ಆದರೆ ಹೆಡ್ಡಿನ ಕಡೆಯನ್ನೂ ನೋಡಲೇಬೇಕು. ಅನೇಕ ಎಂಜಿನ್ನುಗಳಲ್ಲಿ ಕ್ಯಾಮ್ ಸುತ್ತುವುದು ನೇರವಾಗಿ ಹೆಡ್ಡಿನ ಅಲ್ಯೂಮಿನಿಯಂ ಮೇಲೆ. ಕ್ಯಾಮನ್ನು ಮೇಲಿನಿಂದ ಹಿಡಿದಿಡುವ ಕ್ಯಾಪುಗಳನ್ನೂ ಅದೇ ಹೆಡ್ಡಿನ ಜೊತೆಗೆ ಕೊರೆದಿರುತ್ತಾರೆ, ಬೇರೆ ಹೆಡ್ಡಿನ ಕ್ಯಾಪ್ ತಂದು ಕೂರಿಸಲಾಗದು. ಆ ಅಲ್ಯೂಮಿನಿಯಂ ಸವೆದಿದ್ದರೆ ಹೊಸ ಕ್ಯಾಮ್ ಹಾಕಿ ಪ್ರಯೋಜನವಿಲ್ಲ. ಬಾಲ್ ಬೇರಿಂಗ್ ಇರುವ ಕ್ಯಾಮುಗಳಲ್ಲಿ ಕೆಲವೊಮ್ಮೆ ಬೇರಿಂಗ್ ಮಾತ್ರ ಸದ್ದು ಮಾಡುತ್ತಿರುತ್ತದೆ. ಅದನ್ನು ಬದಲಿಸಿದರೆ ಮುಗಿಯಿತು.

ಹೊಸ ಕ್ಯಾಮ್ ಎಲ್ಲೂ ಸಿಗದ ಹಳೆಯ ಎಂಜಿನ್ನಿಗೆ ಮಾತ್ರ ನಾನು ಗ್ರೈಂಡಿಂಗಿನ ದಾರಿ ಹಿಡಿಯುತ್ತೇನೆ. ತುದಿ ಸವೆದ ಲೋಬನ್ನು ವೆಲ್ಡಿಂಗಿನಿಂದ ತುಂಬಿ ಮೂಲ ಆಕಾರಕ್ಕೆ ತರಬಹುದು. ಇಲ್ಲವೇ ಉಬ್ಬಿಲ್ಲದ ಕಡೆಯ ಬುಡದ ವೃತ್ತವನ್ನು ಕಿರಿದುಮಾಡಿ ಲಿಫ್ಟ್, ಅಂದರೆ ವಾಲ್ವ್ ತೆರೆಯುವಷ್ಟು ಎತ್ತರ, ಉಳಿಸಿಕೊಳ್ಳಬಹುದು. ಎರಡನೆಯದರಲ್ಲಿ ಟ್ಯಾಪೆಟ್ ಸ್ಕ್ರೂ ಹೆಚ್ಚು ಇಳಿಯಬೇಕಾಗುತ್ತದೆ, ಸ್ಕ್ರೂ ಬದಲು ಸಂದು ಹೊಂದಿಸುವ ಬಿಲ್ಲೆ, ಅಂದರೆ ಶಿಮ್, ಇರುವ ಕಡೆ ದಪ್ಪನೆಯ ಶಿಮ್ ಬೇಕಾಗುತ್ತದೆ. ಗಟ್ಟಿ ಪದರ ಹೋಗಿದ್ದರೆ ಅದನ್ನು ಮತ್ತೆ ಗಟ್ಟಿಗೊಳಿಸದ ಗ್ರೈಂಡಿಂಗ್ ವ್ಯರ್ಥವೇ ಸರಿ.

ಗುಳಿ ಬಿದ್ದ ಆ ಬೈಕಿಗೆ ಹೊಸ ಕ್ಯಾಮ್ ಜೊತೆ, ಲೋಬಿನ ಒತ್ತನ್ನು ವಾಲ್ವಿಗೆ ದಾಟಿಸುವ ಎರಡೂ ರಾಕರ್ ಆರ್ಮ್ ಹೊಸದಾಗಿ ಹಾಕಿದೆ. ಹಳೆಯ ರಾಕರಿನ ಮುಖದಲ್ಲಿ ತಗ್ಗು ಬಿದ್ದಿತ್ತು. ಅದನ್ನು ಉಳಿಸಿಕೊಂಡರೆ ಹೊಸ ಲೋಬನ್ನೂ ಕೆರೆದು ಹಾಕುತ್ತದೆ. ಹೆಡ್ ಚೆನ್ನಾಗಿತ್ತು. ಆಯಿಲ್ ದಾರಿಗೆ ಗಾಳಿ ಹೊಡೆದಾಗ ಹಿಂದೆ ಯಾರೋ ಧಾರಾಳವಾಗಿ ಬಳಿದಿದ್ದ ಗ್ಯಾಸ್ಕೆಟ್ ಅಂಟಿನ ತುಣುಕು ಹೊರಬಿತ್ತು. ಕ್ಯಾಮ್ ಇರುವುದು ಎಂಜಿನ್ನಿನ ನೆತ್ತಿಯಲ್ಲಿ, ಆಯಿಲ್ ಅಲ್ಲಿಗೆ ತಲುಪುವುದೇ ನಿಧಾನ. ದಾರಿಯೂ ಕಟ್ಟಿದರೆ ಕೇಳಬೇಕೇ! ಲೋಬುಗಳಿಗೆ ಮಾಲಿಬ್ಡಿನಮ್ ಪೇಸ್ಟ್ ಹಚ್ಚಿ ಜೋಡಿಸಿದೆ. ಕವರ್ ಮುಚ್ಚುವ ಮುನ್ನ ಎಂಜಿನ್ ತಿರುಗಿಸಿ, ಆಯಿಲ್ ಮೇಲೆ ಬರುವುದನ್ನು ಮಾಲೀಕರಿಗೂ ತೋರಿಸಿದೆ.