ಔಟ್‌ಫೀಲ್ಡರ್ ಹುಡುಗನನ್ನು ಅಳೆಯುವಾಗ ನಾನು ಚೆಂಡು ನೋಡುವುದಿಲ್ಲ

ನಾನು ಬೇಸ್‌ಬಾಲ್ ಸ್ಕೌಟ್, ಹುಡುಗರ ಆಟ ನೋಡಿ ಅಂಕ ಕೊಡುವುದು ನನ್ನ ಕೆಲಸ. ಮೊದಲ ದಿನ ನಾನು ಒಬ್ಬ ಹುಡುಗನಿಗೆ ಜಾಸ್ತಿ ಅಂಕ ಕೊಟ್ಟುಬಿಟ್ಟಿದ್ದೆ. ಹೊಸಬರು ಆಡುವ ಕೆಳಹಂತದ ಅರಿಜೋನಾ ಕಾಂಪ್ಲೆಕ್ಸ್ ಲೀಗ್, 19 ವರ್ಷ, ಎಡಗೈ ಬ್ಯಾಟರ್, ಆಡುವುದು ಸೆಂಟರ್ ಫೀಲ್ಡ್, ಅಂದರೆ ಔಟ್‌ಫೀಲ್ಡ್ ಎನ್ನುವ ಮೈದಾನದ ದೂರದ ಭಾಗದ ನಡುವೆ. ಬ್ಯಾಟಿಂಗ್ ಪ್ರಾಕ್ಟೀಸ್‌ನಲ್ಲಿ ಒಂದರ ಹಿಂದೆ ಒಂದು ಚೆಂಡು ಬೇಲಿ ದಾಟುತ್ತಿತ್ತು. ಹೊಡೆದು ಮೊದಲ ಬೇಸ್ ಮುಟ್ಟುವುದಕ್ಕೆ ನನ್ನ ಸ್ಟಾಪ್‌ವಾಚ್‌ನಲ್ಲಿ 4.1 ಸೆಕೆಂಡ್. ಎಡಗೈಯವರಿಗೆ 4.2, ಬಲಗೈಯವರಿಗೆ 4.3 ಬಂದರೆ ಸಾಧಾರಣ ಓಟ ಅಂತ ಲೆಕ್ಕ. ನಾವು ಅಂಕ ಕೊಡುವುದು 20ರಿಂದ 80ರವರೆಗೆ, ಅಮೆರಿಕದ ಅತಿ ಮೇಲಿನ ಹಂತವಾದ ಮೇಜರ್ ಲೀಗ್‌ನ ಸಾಧಾರಣ ಮಟ್ಟಕ್ಕೆ 50. ಓಟಕ್ಕೆ 60 ಬರೆದೆ, ಅದು ಸರಿಯೇ ಇತ್ತು. ಆದರೆ ಅದೇ ಖುಷಿಯಲ್ಲಿ ಫೀಲ್ಡಿಂಗ್‌ಗೂ 60 ಬರೆದೆ.

ಮುಂದಿನ ಮೂರು ಆಟ ನಾನು ಚೆಂಡಿನ ಕಡೆ ನೋಡಲೇ ಇಲ್ಲ. ಪಿಚರ್ ಕೈ ಎತ್ತಿದ ಕೂಡಲೇ ಕಣ್ಣು ಹುಡುಗನ ಕಾಲಿನ ಮೇಲೆ. ಬ್ಯಾಟಿಗೆ ಚೆಂಡು ತಾಗಿದ ಸದ್ದು ಬಂದಾಗ ಅವನ ಮೊದಲ ಹೆಜ್ಜೆ ಯಾವ ಕಡೆಗೆ ಹೋಗುತ್ತದೆ? ಅದೊಂದನ್ನೇ ಬರೆದುಕೊಂಡೆ. ನೇರ ತಲೆಯ ಮೇಲೆ ಬರುವ ಚೆಂಡು ಎಲ್ಲಕ್ಕಿಂತ ಕಷ್ಟ, ದೂರ ಎಷ್ಟು ಅಂತ ಗೊತ್ತಾಗುವುದಿಲ್ಲ, ಅಂಥವಕ್ಕೆ ಅವನು ಪ್ರತಿ ಸಲ ಮುಂದೆ ಬಂದು ಆಮೇಲೆ ತಿರುಗಿ ಓಡುತ್ತಿದ್ದ, ಓಟ ಚೆನ್ನಾಗಿದ್ದದ್ದರಿಂದ ಕ್ಯಾಚ್ ಮಾತ್ರ ಹಿಡಿಯುತ್ತಿದ್ದ. ಓಟ ತಪ್ಪನ್ನು ಮುಚ್ಚಿಹಾಕುತ್ತಿತ್ತು, ಅಷ್ಟೇ. ಅವನ ಭುಜ ಅಗಲ, ಮೈ ಇನ್ನೂ ತುಂಬುತ್ತದೆ, ಆಗ ಈ ಓಟ ಉಳಿಯುತ್ತದಾ?

ಉಳಿಯದಿದ್ದರೆ ಓಟ ಕಡಿಮೆ ಬೇಕಾಗುವ ಲೆಫ್ಟ್ ಫೀಲ್ಡ್‌ಗೆ ಹೋಗಬೇಕು. ಅಲ್ಲಿ ನಿಲ್ಲುವವನು ಬ್ಯಾಟಿನಿಂದಲೇ ಅನ್ನ ತಿನ್ನಬೇಕು. ಅದಕ್ಕೇ ಬ್ಯಾಟಿಂಗ್ ನೋಡುವಾಗ ಹೊಡೆದದ್ದಕ್ಕಿಂತ ಬಿಟ್ಟದ್ದನ್ನು ಎಣಿಸುತ್ತೇನೆ. ಕೋಚ್ ನಿಧಾನ ಎಸೆದದ್ದನ್ನು ಬೇಲಿಯಾಚೆ ಹೊಡೆಯುವುದು ಬೇರೆ, ಎರಡು ಸ್ಟ್ರೈಕ್ ಆದ ಮೇಲೆ (ಮೂರಾದರೆ ಔಟ್) ನೆಲಕ್ಕೆ ಬೀಳುವ ಸ್ಲೈಡರ್‌ಗೆ, ಅಂದರೆ ಕೊನೆಯಲ್ಲಿ ತಿರುಗಿ ಇಳಿಯುವ ಎಸೆತಕ್ಕೆ, ಕೈ ತಡೆಯುವುದು ಬೇರೆ ಅಲ್ವಾ? ಇವನು ಅಂಥ ಹತ್ತಕ್ಕೆ ಆರೇಳು ಸಲ ಬ್ಯಾಟ್ ಬೀಸುತ್ತಿದ್ದ.

ಫೀಲ್ಡಿಂಗ್ ನಿಜಕ್ಕೂ ಬಲವಾಗಿದ್ದರೆ ಬ್ಯಾಟ್ ಸ್ವಲ್ಪ ಹಿಂದಿದ್ದರೂ ಬದುಕಬಹುದು. ಸೆಂಟರ್ ಫೀಲ್ಡರ್ ಕೆವಿನ್ ಕಿಯರ್ಮೈಯರ್‌ನನ್ನು 2010ರ ಡ್ರಾಫ್ಟ್‌ನಲ್ಲಿ, ಅಂದರೆ ತಂಡಗಳು ಸರದಿಯಂತೆ ಹೊಸ ಆಟಗಾರರನ್ನು ಆರಿಸುವಾಗ, 31ನೇ ಸುತ್ತಿನವರೆಗೆ ಯಾರೂ ಕರೆಯಲಿಲ್ಲ. ಆಮೇಲೆ ಅತ್ಯುತ್ತಮ ಫೀಲ್ಡರ್‌ಗೆ ಕೊಡುವ ಗೋಲ್ಡ್ ಗ್ಲವ್ ಪ್ರಶಸ್ತಿಯನ್ನು ನಾಲ್ಕು ಸಲ ಗೆದ್ದ. ನನ್ನ ಹುಡುಗನಿಗೆ ಅಂಥ ಕಾಲು ಇರಲಿಲ್ಲ.

ಫೀಲ್ಡಿಂಗ್ 45ಕ್ಕೆ ಇಳಿಸಿದೆ, ಚೆಂಡಿಗೆ ಸರಿಯಾಗಿ ಬ್ಯಾಟ್ ತಾಗಿಸುವುದಕ್ಕೆ 40, ದೂರ ಹೊಡೆಯುವ ಪವರ್‌ಗೆ 55 ಹಾಗೇ ಬಿಟ್ಟೆ. ಬರೆಯುವಾಗ ನಿಜವಾಗಿ ಬೇಜಾರಾಯಿತು. ಕೊನೆಯ ಆಟದ ಏಳನೇ ಇನ್ನಿಂಗ್ಸ್‌ನಲ್ಲಿ ಅವನು ಅಂಥದೇ ಎರಡು ಸ್ಲೈಡರ್ ಬಿಟ್ಟು ವಾಕ್ ತೆಗೆದುಕೊಂಡ, ಅಂದರೆ ನಾಲ್ಕು ಕೆಟ್ಟ ಎಸೆತಕ್ಕೆ ಹೊಡೆಯದೆಯೇ ಮೊದಲ ಬೇಸ್ ಪಡೆದ. ಅದನ್ನೂ ವರದಿಯಲ್ಲಿ ಬರೆದು, ಮುಂದಿನ ಜೂನ್‌ನಲ್ಲಿ ಮತ್ತೆ ನೋಡಬೇಕು ಅಂತ ಸೇರಿಸಿದೆ.