ಡಿಸಿಗಿಂತ ಸಿಎಂ ದೊಡ್ಡವರು: ನಾನು ರೋಮನ್ ಅಂಕಿ ಕಲಿತ ಕಥೆ

ನಮ್ಮ ಹಿತ್ತಲಲ್ಲಿ ಬಟ್ಟೆ ಒಗೆಯುವ ಕಲ್ಲೊಂದಿದೆ. ಒಳ್ಳೆ ಕಪ್ಪು ಗ್ರಾನೈಟು. ಅದನ್ನು ಮಗುಚಿ ನೋಡಿದರೆ ಅಡಿಯಲ್ಲಿ ಒಂದು ತಪ್ಪು ಇಸವಿ ಕಾಣುತ್ತದೆ. ಕೊರೆದವನು ನಾನೇ.

ನನ್ನದು ಕಲ್ಲಿನ ಮೇಲೆ ಅಕ್ಷರ ಕೊರೆಯುವ ಸಣ್ಣ ಅಂಗಡಿ. ಮನೆಯ ಹೆಸರು, ಶಂಕುಸ್ಥಾಪನೆಯ ಫಲಕ, ಸಮಾಧಿ ಕಲ್ಲು, ಏನು ಬಂದರೂ ಸರಿ. ಈಗ ಉಳಿ ಸುತ್ತಿಗೆಯ ಕೆಲಸ ಕಮ್ಮಿ. ಅಕ್ಷರಗಳನ್ನು ಕಂಪ್ಯೂಟರಿನಲ್ಲಿ ಜೋಡಿಸಿ, ಸ್ಟಿಕ್ಕರ್ ಕತ್ತರಿಸಿ, ಕಲ್ಲಿಗೆ ಅಂಟಿಸಿ, ಜೋರಾಗಿ ಮರಳು ಊದುತ್ತೇವೆ. ಸ್ಟಿಕ್ಕರ್ ಇಲ್ಲದ ಕಡೆ ಮರಳು ಕಲ್ಲನ್ನು ತಿನ್ನುತ್ತದೆ. ಒಮ್ಮೆ ತಿಂದರೆ ಮುಗಿಯಿತು. ಅಳಿಸಿ ಬರೆಯೋಣ ಅಂದರೆ ಇದೇನು ಸ್ಲೇಟಲ್ಲ.

ಒಂದು ಚರ್ಚಿನವರು ಬಂದು, ಹಳೇ ಫಲಕ ಒಡೆದಿದೆ, ಹೊಸದು ಬೇಕು, ಇಸವಿ ಮಾತ್ರ ಮೊದಲಿನ ಹಾಗೆ ರೋಮನ್ ಅಂಕಿಯಲ್ಲೇ ಇರಲಿ ಅಂದರು. ಇಸವಿ 1949. ನಾನು ಧೈರ್ಯವಾಗಿ ಆಯ್ತು ಅಂದೆ. ನನಗೆ ಗೊತ್ತಿದ್ದದ್ದು ಹನ್ನೆರಡರ ತನಕ. ಅದೂ ಗಡಿಯಾರ ನೋಡಿ, ತರಗತಿಯ ಬಾಗಿಲ ಮೇಲಿನ ಬೋರ್ಡು ನೋಡಿ ಕಲಿತದ್ದು.

ಮುಂದೆ ಹೋಗುವ ಮೊದಲು ಒಂದು ಮಾತು. ಇಲ್ಲಿ ರೋಮನ್ ಅಕ್ಷರಗಳನ್ನು ಬಾಯಲ್ಲಿ ಹೇಳುವ ಹಾಗೇ ಬರೆಯುತ್ತೇನೆ. ಐ ಅಂದರೆ 1, ವಿ 5, ಎಕ್ಸ್ 10, ಎಲ್ 50, ಸಿ 100, ಡಿ 500, ಎಂ 1000. ಪಕ್ಕದಲ್ಲಿ ಒಂದು ಹಾಳೆ ಇಟ್ಟುಕೊಂಡು ನೀವು ಇಂಗ್ಲಿಷ್ ದೊಡ್ಡಕ್ಷರದಲ್ಲಿ ಬರೆಯುತ್ತಾ ಹೋಗಿ. ನಾನು ಕಲಿತದ್ದೂ ಹೀಗೇ, ಬಾಯಿ ಹೇಳಿದ್ದನ್ನು ಕೈ ಬರೆದು.

ಸರಿ, 1949. ಎಂ ಬರೆದೆ, ಸಾವಿರ ಆಯಿತು. ಒಂಬೈನೂರು ಅಂದರೆ ಸಾವಿರಕ್ಕೆ ನೂರು ಕಮ್ಮಿ, ಸಿಎಂ. ಇಲ್ಲಿಯ ತನಕ ಅಡ್ಡಿಯಿಲ್ಲ. ಉಳಿದದ್ದು 49. ನಮ್ಮಜ್ಜಿ ತೆಂಗಿನಕಾಯಿ ಎಣಿಸುವಾಗ ನಲವತ್ತೊಂಬತ್ತು ಅನ್ನುತ್ತಿರಲಿಲ್ಲ, ‘ಒಂದು ಕಮ್ಮಿ ಐವತ್ತು’ ಅನ್ನುತ್ತಿದ್ದಳು. ಚಿಕ್ಕದು ದೊಡ್ಡದರ ಎಡಕ್ಕೆ ಬಂದರೆ ಕಳೆಯಬೇಕು ಅನ್ನುವುದು ಗೊತ್ತಿತ್ತಲ್ಲ, ಅಜ್ಜಿಯ ಲೆಕ್ಕದಲ್ಲೇ ಐ ಬರೆದು ಪಕ್ಕದಲ್ಲಿ ಎಲ್ ಇಟ್ಟೆ. ಐಎಲ್. ನೋಡೋಕೆ ಎಷ್ಟು ಚೊಕ್ಕವಾಗಿತ್ತು! ಮರಳು ಊದಿ, ಬಂಗಾರದ ಬಣ್ಣ ತುಂಬಿ ಕೊಟ್ಟೆ.

ಚರ್ಚಿನ ಹಿರಿಯರೊಬ್ಬರು ಕನ್ನಡಕ ಸರಿ ಮಾಡಿಕೊಂಡು ನೋಡಿದರು. ಬೈಯಲಿಲ್ಲ. ‘ನಲವತ್ತು ಬೇರೆ, ಒಂಬತ್ತು ಬೇರೆ ಬರೀಬೇಕಪ್ಪ’ ಅಂದರು ಅಷ್ಟೇ. ಬೇರೆ ಕಲ್ಲು ನನ್ನ ಖರ್ಚಿನಲ್ಲೇ ಆಯಿತು. ಮೊದಲನೆಯದು ಹಿತ್ತಲು ಸೇರಿತು.

ಅವರ ಆ ಒಂದು ಮಾತಿನಲ್ಲೇ ಇಡೀ ಪಾಠ ಇತ್ತು. ನನಗೆ ಅರ್ಥವಾಗಲು ಒಂದು ವಾರ ಹಿಡಿಯಿತು. ಸಂಖ್ಯೆಯನ್ನು ಒಟ್ಟಾಗಿ ನೋಡಬಾರದು. ಬಾಯಲ್ಲಿ ಹೇಗೆ ಬಿಡಿಬಿಡಿಯಾಗಿ ಹೇಳುತ್ತೇವೋ ಹಾಗೆ ಒಡೆಯಬೇಕು: ಸಾವಿರ, ಒಂಬೈನೂರು, ನಲವತ್ತು, ಒಂಬತ್ತು. ಒಂದೊಂದನ್ನೂ ಅದರ ಮನೆಯಲ್ಲೇ ಬರೆದು ಸಾಲಾಗಿ ಜೋಡಿಸಬೇಕು. ಎಂ, ಸಿಎಂ, ಎಕ್ಸ್‌ಎಲ್, ಐಎಕ್ಸ್. ಕಳೆಯುವುದೇನಿದ್ದರೂ ಆ ಮನೆಯ ಒಳಗೆ. ಐ ಬಂದು ವಿ ಅಥವಾ ಎಕ್ಸ್‌ನಿಂದ ಮಾತ್ರ ಕಳೆಯಬಹುದು, ಎಲ್ ತನಕ ಕೈ ಚಾಚುವ ಹಾಗಿಲ್ಲ. ಎಕ್ಸ್‌ಗೆ ಎಲ್ ಮತ್ತು ಸಿ. ಸಿಗೆ ಡಿ ಮತ್ತು ಎಂ. ಹಾಗಾಗಿ ಇಡೀ ಲೆಕ್ಕದಲ್ಲಿ ಕಳೆಯುವ ಜೋಡಿಗಳು ಆರೇ ಆರು.

ಆ ಆರನ್ನು ನಾನು ಬಾಯಿಪಾಠ ಮಾಡಲಿಲ್ಲ. ಅವು ಊರ ತುಂಬ ಓಡಾಡಿಕೊಂಡೇ ಇದ್ದವು. ಆಸ್ಪತ್ರೆಯಲ್ಲಿ ಕೈಗೆ ಚುಚ್ಚುವ ಐವಿ, 4. ಹೊಟ್ಟೆ ಬಂದ ಮೇಲೆ ನಾನು ಕೊಳ್ಳುವ ಅಂಗಿ ಎಕ್ಸ್‌ಎಲ್, 40. ಹಳೇ ಹಾಡಿನ ಸಿಡಿ, 400. ವಿಧಾನಸೌಧದ ಸಿಎಂ, 900. ಉಳಿದ ಐಎಕ್ಸ್ ಮತ್ತು ಎಕ್ಸ್‌ಸಿ, 9 ಮತ್ತು 90, ತಾವಾಗೇ ಬಂದವು. ಡಿಸಿ ಕಳೆಯುವ ಜೋಡಿಯಲ್ಲ, ಐನೂರಕ್ಕೆ ನೂರು ಕೂಡಿಸಿ 600. ಡಿಸಿಗಿಂತ ಸಿಎಂ ದೊಡ್ಡವರು ಅಂತ ನೆನಪಿಟ್ಟರೆ ಸಾಕು. ಇನ್ನು ಎಂಎಲ್‌ಸಿ? ಅದು ಸಂಖ್ಯೆಯೇ ಅಲ್ಲ. ಸಿಯ ಎಡಕ್ಕೆ ಎಲ್ ನಿಲ್ಲುವ ಹಾಗಿಲ್ಲ. ವಿ, ಎಲ್, ಡಿ ಈ ಮೂರೂ ಯಾವತ್ತೂ ಕಳೆಯಲು ಹೋಗುವುದಿಲ್ಲ. ಪಕ್ಕಪಕ್ಕದಲ್ಲಿ ಎರಡೆರಡು ಸಲ ಬರುವುದೂ ಇಲ್ಲ.

ಒಂದು ಮಧ್ಯಾಹ್ನ ಕರೆಂಟು ಹೋಗಿತ್ತು. ನಮ್ಮಲ್ಲಿ ಪಾಲಿಷ್ ಕೆಲಸ ಮಾಡುವ ಹುಡುಗ ಕೃಷ್ಣಗಿರಿ ಕಡೆಯವನು, ಮನೆಮಾತು ತಮಿಳು. ನಾನು ಧೂಳು ಹಿಡಿದ ಕಲ್ಲಿನ ಮೇಲೆ ಬೆರಳಲ್ಲಿ ಬರೆಯುವುದನ್ನು ನೋಡಿ ಏನಣ್ಣ ಅಂದ. ಹೇಳಿದೆ. ‘ಇದು ನಮ್ಮ ಲೆಕ್ಕ ಅಲ್ವಾ?’ ಅಂದುಬಿಟ್ಟ. ತಮಿಳಿನಲ್ಲಿ 90ಕ್ಕೆ ತೊಣ್ಣೂರು. ಅದರಲ್ಲಿ ನೂರು ಕೂತಿದೆ. 900ಕ್ಕೆ ತೊಳ್ಳಾಯಿರಂ. ಅದರಲ್ಲಿ ಆಯಿರಂ, ಅಂದರೆ ಸಾವಿರ. ನಮ್ಮ ಒಂಬತ್ತರಲ್ಲೂ ಹತ್ತು ಇದೆ, ಹಳೆಗನ್ನಡದ ‘ಪತ್ತು’. ಒಂಬತ್ತು ಹೇಳುವಾಗ ಹತ್ತನ್ನೂ, ತೊಣ್ಣೂರು ಹೇಳುವಾಗ ನೂರನ್ನೂ ಕರೆಯುತ್ತೇವೆ. ಐಎಕ್ಸ್, ಎಕ್ಸ್‌ಸಿ, ಸಿಎಂ ಮಾಡುವುದೂ ಅದನ್ನೇ ಅಲ್ವಾ? ಆ ಹುಡುಗ ಶಾಲೆ ಬಿಟ್ಟು ಬಂದವನು. ಅವತ್ತಿನಿಂದ ನನ್ನ ಇಸವಿಗಳನ್ನೆಲ್ಲ ಅವನೇ ಚೆಕ್ ಮಾಡುತ್ತಾನೆ.

ಅಭ್ಯಾಸಕ್ಕೆ ಸುಮ್ನೆ ಗಾಡಿಗಳ ನಂಬರು ಓದುತ್ತಿದ್ದೆ. ಸಿಗ್ನಲ್‌ನಲ್ಲಿ ಮುಂದೆ 2694 ನಿಂತಿದ್ದರೆ, ಎಂಎಂ, ಡಿಸಿ, ಎಕ್ಸ್‌ಸಿ, ಐವಿ. ಮೊದಮೊದಲು ಹಸಿರು ದೀಪ ಬಂದರೂ ನನ್ನದು ಮುಗಿಯುತ್ತಿರಲಿಲ್ಲ. ಜಾಸ್ತಿ ಎಡವಿದ್ದು ಸೊನ್ನೆಯಲ್ಲಿ. 1908 ಅಂದರೆ ಹತ್ತರ ಮನೆಯಲ್ಲಿ ಏನು ಬರೆಯುವುದು? ಏನೂ ಇಲ್ಲ. ರೋಮನ್ನರ ಹತ್ತಿರ ಸೊನ್ನೆಗೆ ಅಕ್ಷರವೇ ಇರಲಿಲ್ಲ. ಸೊನ್ನೆ ಕಂಡರೆ ದಾಟಿ ಮುಂದೆ ಹೋಗಬೇಕು: ಎಂ, ಸಿಎಂ, ವಿಐಐಐ. ಸೊನ್ನೆಯ ಜೊತೆಗೇ ಬೆಳೆದ ನಮಗೆ ಆ ಖಾಲಿ ಜಾಗ ಬಿಡದೆ ಅಂಟಿಸುವುದೇ ಕಷ್ಟ. ಇನ್ನು ನಾಲ್ಕು ಸಾವಿರದ ಮೇಲೆ ಹೋದರೆ ಅಕ್ಷರದ ತಲೆ ಮೇಲೆ ಗೆರೆ ಎಳೆದು ಸಾವಿರಪಟ್ಟು ಮಾಡುವ ಪದ್ಧತಿ ಇದೆ. ನನಗೆ ಅದರ ಆರ್ಡರ್ ಒಂದೂ ಬಂದಿಲ್ಲ.

ಇಷ್ಟೆಲ್ಲ ಕಲಿತ ಮೇಲೆ ಗೊತ್ತಾಯಿತು, ರೋಮನ್ನರೇ ಈ ನಿಯಮಗಳನ್ನು ಅಷ್ಟು ಕಟ್ಟುನಿಟ್ಟಾಗಿ ಪಾಲಿಸುತ್ತಿರಲಿಲ್ಲ. ರೋಮಿನ ಕೊಲೋಸಿಯಂ ಬಾಗಿಲುಗಳ ಮೇಲೆ ನಂಬರು ಕೊರೆದಿದ್ದಾರೆ. 44ನೇ ಬಾಗಿಲಿಗೆ ಎಕ್ಸ್‌ಎಲ್ ಬರೆದು ಪಕ್ಕದಲ್ಲಿ ನಾಲ್ಕು ಐ. ನಲವತ್ತಕ್ಕೆ ಕಳೆದಿದ್ದಾರೆ, ನಾಲ್ಕಕ್ಕೆ ಕಳೆದಿಲ್ಲ! ನಮ್ಮ ಮನೆಯ ಹಳೇ ಗೋಡೆ ಗಡಿಯಾರದಲ್ಲೂ ನಾಲ್ಕು ಗಂಟೆಗೆ ನಾಲ್ಕು ಕಡ್ಡಿಗಳೇ ಇದ್ದವು. ಅದನ್ನು ನೋಡಿ ಪರೀಕ್ಷೆಯಲ್ಲಿ ಬರೆದು ನಾನು ಅಂಕ ಕಳೆದುಕೊಂಡಿದ್ದೆ. ಲಂಡನ್ನಿನ ಬಿಗ್ ಬೆನ್ ಗಡಿಯಾರದಲ್ಲಿ ಮಾತ್ರ ಐವಿ ಇದೆ.

ನನಗೆ ಎಲ್ಲಕ್ಕಿಂತ ಹತ್ತಿರವಾದದ್ದು ಜರ್ಮನಿಯ ಒಂದು ಕಲ್ಲು. ಕ್ರಿ.ಶ. 9ರಲ್ಲಿ ರೋಮನ್ನರ ಮೂರು ದಂಡುಗಳು ಅಲ್ಲಿನ ಕಾಡಿನಲ್ಲಿ ನಾಶವಾದವು. ಆ ಯುದ್ಧದಲ್ಲಿ ಸತ್ತ ಮಾರ್ಕಸ್ ಕೇಲಿಯಸ್ ಎಂಬ ಸೇನಾಧಿಕಾರಿಯ ಸ್ಮಾರಕ ಕಲ್ಲು ಕ್ಸಾಂಟನ್ ಎಂಬ ಊರಿನ ಹತ್ತಿರ ಸಿಕ್ಕಿತು, ಈಗ ಬಾನ್ ನಗರದ ಮ್ಯೂಸಿಯಂನಲ್ಲಿದೆ. ಅವನದು ಹದಿನೆಂಟನೇ ದಂಡು. ಪುಸ್ತಕದ ಪ್ರಕಾರ ಎಕ್ಸ್ ಬರೆದು ವಿಐಐಐ ಬರಬೇಕು. ಕಲ್ಲಿನ ಮೇಲೆ ಇರುವುದು ಎಕ್ಸ್, ಎರಡು ಐ, ಮತ್ತೆ ಎಕ್ಸ್. ಎರಡು ಕಮ್ಮಿ ಇಪ್ಪತ್ತು! ಲ್ಯಾಟಿನ್ ಮಾತಿನಲ್ಲೂ ಹದಿನೆಂಟಕ್ಕೆ ಇಪ್ಪತ್ತರಿಂದ ಎರಡು ಅಂತಲೇ ಹೇಳುತ್ತಿದ್ದರು. ಅವನ ವಯಸ್ಸು ಐವತ್ಮೂರೂವರೆ. ಎಲ್ಐಐಐ ಕೊರೆದು, ಅರ್ಧಕ್ಕೆ ಒಂದು ಎಸ್ ಹಾಕಿದ್ದಾರೆ. ಎರಡು ಸಾವಿರ ವರ್ಷದ ಹಿಂದೆ ಆ ಕಲ್ಲಿನ ಮುಂದೆ ಕೂತವನೂ ಬಾಯಿಗೆ ಬಂದ ಹಾಗೆ ಕೊರೆದಿದ್ದ, ನಮ್ಮಜ್ಜಿಯ ಹಾಗೆ, ನನ್ನ ಹಾಗೆ. ಅವನ ಕಲ್ಲು ಮ್ಯೂಸಿಯಂನಲ್ಲಿದೆ, ನನ್ನದು ಹಿತ್ತಲಲ್ಲಿದೆ. ಹಾಗಂತ ಗಿರಾಕಿಗೆ ಈ ಕಥೆ ಹೇಳಿ ಬಚಾವಾಗಲು ಆಗುವುದಿಲ್ಲ. ಇವತ್ತು ಕೊರೆದುಕೊಡಬೇಕಾದ್ದು ಪುಸ್ತಕದ ಪ್ರಕಾರವೇ.

ನಮ್ಮ ಕೆಲಸದಲ್ಲಿ ಇನ್ನೊಂದು ತಾಪತ್ರಯ ಇದೆ, ಉದ್ದ. 2000 ಬರೆಯಲು ಎರಡೇ ಅಕ್ಷರ, ಎಂಎಂ. 1947ಕ್ಕೆ ಎಂಟು. 1888ಕ್ಕೆ ಹದಿಮೂರು: ಎಂ, ಡಿಸಿಸಿಸಿ, ಎಲ್ಎಕ್ಸ್ಎಕ್ಸ್ಎಕ್ಸ್, ವಿಐಐಐ. ಮೇಲಾಗಿ ಎಂ ಅಗಲ, ಐ ಕಡ್ಡಿ. ಎರಡಕ್ಕೂ ಒಂದೇ ಅಳತೆಯ ಜಾಗ ಬಿಟ್ಟರೆ ಐಗಳ ನಡುವೆ ಹಲ್ಲು ಉದುರಿದ ಹಾಗೆ ಕಾಣುತ್ತದೆ. ಐಗಳನ್ನು ಹತ್ತಿರ ತಂದು, ಮನೆಗಳ ನಡುವೆ ಕೂದಲೆಳೆಯಷ್ಟು ಜಾಸ್ತಿ ಬಿಡುತ್ತೇನೆ. ಓದುವವರ ಕಣ್ಣಿಗೆ ಸುಲಭ.

ಆ 1888 ಸುಮ್ನೆ ಕೊಟ್ಟ ಉದಾಹರಣೆಯಲ್ಲ. ಹೋದ ವರ್ಷ ಒಬ್ಬರು ಮುತ್ತಜ್ಜ ಕಟ್ಟಿಸಿದ ಮನೆಗೆ ಫಲಕ ಬೇಕು, ಇಸವಿ ರೋಮನ್‌ನಲ್ಲಿದ್ದರೆ ಗತ್ತು ಅಂತ ಬಂದರು. ನಮ್ಮಲ್ಲಿ ಅಕ್ಷರದ ಲೆಕ್ಕದಲ್ಲಿ ರೇಟು. ಹದಿಮೂರು ಅಕ್ಷರ ಅಂದೆ. ಅವರು ಬೆರಳಲ್ಲಿ ಎಣಿಸಿ ನೋಡಿದರು. ಸ್ವಲ್ಪ ಹೊತ್ತು ಸುಮ್ಮನಿದ್ದು, ಮೈಸೂರಿನ ದೊಡ್ಡ ಗಡಿಯಾರದಲ್ಲಿ ಕನ್ನಡ ಅಂಕಿಗಳೇ ಇವೆಯಲ್ಲ, ಅದರಲ್ಲಿ ಎಷ್ಟಾಗುತ್ತೆ ಅಂತ ಕೇಳಿದರು.

ನಾಲ್ಕು ಅಂದೆ.

‘ಹಾಗಾದ್ರೆ ಅದನ್ನೇ ಕೊರೀರಿ.’

೧೮೮೮ ಅಂತ ಕೊರೆದು ಕೊಟ್ಟೆ. ಚೆಕ್ ಮಾಡಲು ಹುಡುಗನನ್ನು ಕರೆಯಲಿಲ್ಲ.