ಅಪ್ಪನ ಮೆಡಿಗ್ಯಾಪ್ ಎಫ್‌ನಿಂದ ಜಿಗೆ ಬದಲಾಯಿಸಿದ್ದು ಹೀಗೆ

ಕ್ಯಾಲಿಫೋರ್ನಿಯಾದಲ್ಲೇ ರಿಟೈರ್ ಆದ ಅಪ್ಪಂಗೆ ಮೆಡಿಕೇರ್ (ವಯಸ್ಸಾದವ್ರಿಗೆ ಅಮೆರಿಕ ಸರ್ಕಾರದ ಆರೋಗ್ಯ ವಿಮೆ) ಜೊತೆ ಮೆಡಿಗ್ಯಾಪ್ ಪ್ಲಾನ್ ಎಫ್ ಇತ್ತು, ಮೆಡಿಗ್ಯಾಪ್ ಅಂದ್ರೆ ಮೆಡಿಕೇರ್ ಕೊಡದೇ ಉಳಿಯೋ ಖರ್ಚಿಗೆ ಖಾಸಗಿ ಕಂಪ್ನಿಯಿಂದ ತಗೊಳೋ ಇನ್ನೊಂದು ವಿಮೆ, ಎಫ್, ಜಿ ಅನ್ನೋದು ಅದ್ರ ಪ್ಲಾನ್‌ಗಳ ಹೆಸ್ರು. ಪ್ರೀಮಿಯಂ ವರ್ಷಾವರ್ಷ ಏರ್ತಾನೇ ಹೋಯ್ತು, ಬೇರೆ ಕಂಪ್ನಿ ನೋಡೋಣ ಅಂದ್ರೆ ಶುಗರ್ ಇದೆ ಸ್ಟೆಂಟ್ ಹಾಕಿದೆ ಯಾರ್ ತಗೋತಾರೆ ಅಂತ ಅಮ್ಮಂದು ಒಂದೇ ರಾಗ. ಆಮೇಲೆ ಗೊತ್ತಾಯ್ತು, ಇಲ್ಲಿ ಬರ್ತ್‌ಡೇ ರೂಲ್ ಅಂತ ಇದೆ: ಹುಟ್ಟಿದಹಬ್ಬದಿಂದ 60 ದಿನದೊಳಗೆ ಅಷ್ಟೇ ಅಥವಾ ಕಮ್ಮಿ ಕವರೇಜ್ ಇರೋ ಇನ್ನೊಂದು ಮೆಡಿಗ್ಯಾಪ್‌ಗೆ ಅಪ್ಲೈ ಮಾಡಿದ್ರೆ ಕಾಯಿಲೆ ನೆಪ ಹೇಳಿ ಆಗಲ್ಲ ಅನ್ನೋ ಹಾಗಿಲ್ಲ. ಏಜೆಂಟ್ ಈ ವಿಷ್ಯ ಬಾಯೇ ಬಿಟ್ಟಿರ್ಲಿಲ್ಲ ಬಿಡಿ! ಪ್ಲಾನ್ ಜಿ ತಗೊಂಡ್ವಿ, ವ್ಯತ್ಯಾಸ ಅಂದ್ರೆ ಪಾರ್ಟ್ ಬಿ (ಮೆಡಿಕೇರ್‌ನಲ್ಲಿ ಡಾಕ್ಟ್ರ ಖರ್ಚು ನೋಡ್ಕೊಳೋ ಭಾಗ) ಡಿಡಕ್ಟಿಬಲ್, ಅಂದ್ರೆ ವಿಮೆ ಶುರುವಾಗೋ ಮುಂಚೆ ವರ್ಷಕ್ಕೊಮ್ಮೆ ಕಟ್ಟೋ ಮೊತ್ತ, ನಾವೇ ಕಟ್ಬೇಕು, 2025ರಲ್ಲಿ ಅದು 257 ಡಾಲರ್ ಇತ್ತು, ಪ್ರೀಮಿಯಂನಲ್ಲಿ ಉಳಿಯೋದು ಅದಕ್ಕಿಂತ ಜಾಸ್ತಿ. ಹೊಸ ಪಾಲಿಸಿ ಅಪ್ರೂವ್ ಆಗಿ ಕೈಗೆ ಬರೋವರ್ಗೂ ಹಳೇದನ್ನ ಕ್ಯಾನ್ಸಲ್ ಮಾಡ್ಲಿಲ್ಲ. ಡಾಕ್ಟ್ರು ಅವ್ರೇ, ಮೆಡಿಕೇರ್ ಕಾರ್ಡೂ ಅದೇ.